ಅವರ ಜಾಗದಲ್ಲಿ

೧೧ ಫೆಬ್ರವರಿ ೧೯೬೦, ಗುರುವಾರ. ಬಂಗಾರಪೇಟೆ

ಗೆದ್ದೆನಂತೆ. ಮಧ್ಯಾಹ್ನ ಕೋಲಾರದಿಂದ ಜೀಪು ಬಂತು. ಪಾರ್ಟಿಯ ರಾಮಚಂದ್ರಪ್ಪನವರು ಇಳಿಯುವುದಕ್ಕೆ ಮೊದಲೇ ಕೈಯೆತ್ತಿ ಕೂಗಿ ಹೇಳಿದರು. ಹಿಂದೆಯೇ ಜನ ಬಂದರು, ತಮಟೆ ಬಂತು. ಹಾರ ತಂದಿದ್ದವರಿಗೆ ಅದನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಗಂಡ ತೀರಿಕೊಂಡು ಮೂರು ತಿಂಗಳಾದ ಹೆಂಗಸಿನ ಕೊರಳಿಗೆ ಹೂವು ಹಾಕುವುದು ಹೇಗೆ? ಕೊನೆಗೆ ಎಲ್ಲವನ್ನೂ ಅವರ ಫೋಟೋಗೇ ಹಾಕಿದರು. ಮುಖ ಕಾಣದಷ್ಟು ಹೂವಾಯಿತು. ಜನ ಹೋದ ಮೇಲೆ ನಾನೇ ಒಂದೊಂದಾಗಿ ತೆಗೆದು ಮುಖ ಕಾಣುವ ಹಾಗೆ ಮಾಡಿದೆ.

ವೋಟು ಹಾಕಿದ್ದು ನನಗಲ್ಲ, ಅವರಿಗೆ. ಇದು ನನಗೂ ಗೊತ್ತು, ಹಾಕಿದವರಿಗೂ ಗೊತ್ತು. ಪಾರ್ಲಿಮೆಂಟು ಮೆಂಬರು ಅಶ್ವತ್ಥಪ್ಪನವರು ದಿಲ್ಲಿಯಿಂದ ಮನೆಗೆ ಬರುತ್ತಾ ಜೋಲಾರ್‌ಪೇಟೆ ಸ್ಟೇಷನ್ನಿನಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಕುಸಿದರು ಎಂಬ ಸುದ್ದಿ ಬಂದ ದಿನ ಚಿನ್ನದ ಗಣಿಯ ಉರಿಗಾಂ ಬಜಾರಿನಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲವಂತೆ. ಆ ದುಃಖವನ್ನೇ ರಾಮಚಂದ್ರಪ್ಪನವರು ಜೀಪಿನಲ್ಲಿಟ್ಟುಕೊಂಡು ಹಳ್ಳಿ ಹಳ್ಳಿ ತಿರುಗಿದರು. "ನೀವು ಮಾತಾಡೋದು ಬೇಡಮ್ಮ, ಸುಮ್ನೆ ಕೈ ಮುಗೀರಿ ಸಾಕು" ಎಂದಿದ್ದರು. ಹಾಗೇ ಮಾಡಿದೆ. ಮುಂದಿನ ದೊಡ್ಡ ಚುನಾವಣೆಯವರೆಗೆ ಆ ಜಾಗ ಕಾಯುವುದಷ್ಟೇ ನನ್ನ ಕೆಲಸ. ಆಮೇಲೆ ರಾಮಚಂದ್ರಪ್ಪನವರೇ ನಿಲ್ಲುತ್ತಾರೆ.

ಮಾತಾಡಹೋದರೆ ಅಳು ಬರುತ್ತದೆ, ಬರೆದರೆ ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

೧೪ ಫೆಬ್ರವರಿ, ಭಾನುವಾರ

ಅತ್ತೆ ತಾವೂ ದಿಲ್ಲಿಗೆ ಬರುತ್ತೇನೆ ಎಂದು ಹಟ ಹಿಡಿದಿದ್ದಾರೆ. ವರ್ಷ ತುಂಬದೆ ಸೊಸೆ ಹೊಸ್ತಿಲು ದಾಟುತ್ತಾಳಲ್ಲ ಎಂದು ನೆಂಟರು ಆಡಿಕೊಳ್ಳುತ್ತಿರುವಾಗ ಅತ್ತೆಯೂ ಹೊರಟರೆ ಏನೆನ್ನುತ್ತಾರೋ.

"ಅನ್ಲಿ ಬಿಡು," ಎಂದರು. "ನೀನ್ ಅಲ್ ಕೂತ್ಕಂಡು ಅಳೋದು, ನಾನ್ ಇಲ್ ಕೂತ್ಕಂಡು ಅಳೋದು, ಯಾಕ್ ಬೇಕು? ಒಂದೇ ಕಡೆ ಅಳಾನ. ರಾಗಿ ಇಟ್ಟು ಕಟ್ಕತೀನಿ. ಆ ಊರ್ನಾಗೆ ಬರೀ ರೊಟ್ಟಿಯಂತೆ."

೧೯ ಫೆಬ್ರವರಿ, ಶುಕ್ರವಾರ. ದಿಲ್ಲಿ

ಮದ್ರಾಸಿನಲ್ಲಿ ಗಾಡಿ ಬದಲಾಯಿಸಿ, ಎರಡು ರಾತ್ರಿ ಕಳೆದು ಬಂದು ಸೇರಿದೆವು. ಜೋಲಾರ್‌ಪೇಟೆ ಬಂದಾಗ ನಾನೂ ಅತ್ತೆಯೂ ಕಿಟಕಿಯ ಬಾಗಿಲು ಮುಚ್ಚಿಕೊಂಡು ಕೂತಿದ್ದೆವು.

ಸೌತ್ ಅವೆನ್ಯೂದಲ್ಲಿ ಅವರಿಗೆ ಕೊಟ್ಟಿದ್ದ ಮನೆಯನ್ನೇ ನನಗೂ ಕೊಟ್ಟಿದ್ದಾರೆ. ಕಾವಲಿನವನು ಬೀಗ ತೆಗೆದ. ಒಳಗೆ ಎಲ್ಲ ಅವರು ಬಿಟ್ಟುಹೋದ ಹಾಗೇ ಇತ್ತು. ಗೋಡೆಯ ಮೊಳೆಗೆ ಖಾದಿ ಕೋಟು, ಕಿಟಕಿಯಲ್ಲಿ ಹಲ್ಲುಪುಡಿ ಡಬ್ಬಿ. ಅತ್ತೆ ಕೋಟಿನಲ್ಲಿ ಮುಖ ಇಟ್ಟುಕೊಂಡು ನಿಂತರು. ನಾನು ಹಿತ್ತಿಲ ಕಡೆ ಹೋದೆ. ಅವರವರ ಅಳು ಅವರವರು ಮುಗಿಸಿಕೊಂಡು ಆಮೇಲೆ ಒಲೆ ಹಚ್ಚಿದೆವು.

ಸೋತಿದ್ದರೆ ಈ ಮನೆಯನ್ನು ಖಾಲಿ ಮಾಡಿಕೊಂಡು ಹೋಗಬೇಕಿತ್ತು ಎಂದು ಆಫೀಸಿನವರು ಹೇಳಿದರು.

೨೨ ಫೆಬ್ರವರಿ, ಸೋಮವಾರ

ಪ್ರಮಾಣವಚನ ಆಯಿತು. ಹಿಂದಿಯ ಸಾಲುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದೆ. ಹೇಳಿದ್ದರಲ್ಲಿ ಅರ್ಧ ನನಗೇ ಕೇಳಿಸಲಿಲ್ಲ. ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟಿದ್ದಾರೆ. ಅವರು ಯಾವ ಜಾಗದಲ್ಲಿ ಕೂರುತ್ತಿದ್ದರು ಎಂದು ಪಕ್ಕದವರನ್ನು ಕೇಳಿದೆ. ಧಾರವಾಡದ ಕಡೆಯ ಮೆಂಬರು, ವಯಸ್ಸಾದವರು. ಕಂಬದ ಹತ್ತಿರ ತೋರಿಸಿದರು. ಅಲ್ಲಿ ಯಾರೋ ಕೂತು ತೂಕಡಿಸುತ್ತಿದ್ದರು.

"ನಿಮ್ಮ ಯಜಮಾನ್ರು ಭಾಳ ಸಜ್ಜನ ಮನುಷ್ಯಾರು ನೋಡ್ರಿ," ಎಂದರು ಅವರು. "ಇಲ್ಲಿ ಬಂದಾಗಿಂದ ಒಮ್ಮೆನೂ ಧ್ವನಿ ಏರಿಸಲಿಲ್ಲ."

ಎಷ್ಟು ಸಂತೋಷವಾಯಿತು. ಮನೆಗೆ ಬಂದು ಅತ್ತೆಗೂ ಹೇಳಿದೆ. ನನಗೂ ಅಂಥದೇ ಹೆಸರು ಬಂದರೆ ಸಾಕು.

೧೫ ಮಾರ್ಚ್, ಮಂಗಳವಾರ. ಬಂಗಾರಪೇಟೆ

ಹೋಳಿಯ ರಜೆಗೆ ಊರಿಗೆ ಬಂದಿದ್ದೇನೆ. ಇವತ್ತು ಮಾರಿಕುಪ್ಪಂ ಗಾಡಿ ಹಿಡಿದು ರಾಮಚಂದ್ರಪ್ಪನವರ ಜೊತೆ ಉರಿಗಾಂಗೆ ಹೋಗಿದ್ದೆ. ಯೂನಿಯನ್ನಿನ ಕುಪ್ಪುಸ್ವಾಮಿ ಸ್ಟೇಷನ್ನಿಗೆ ಬಂದಿದ್ದರು. ಗಣಿಯ ಪಾತಾಳದಲ್ಲಿ ಮೂವತ್ತು ವರ್ಷ ದುಡಿದವರು, ಈಗ ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಒಳಗೆ ಬಂಡೆ ಸಿಡಿದು ಸತ್ತವರ ಮನೆಗಳಿಗೆ ಕರೆದುಕೊಂಡು ಹೋದರು.

ಕೊನೆಯ ಸಾಲಿನ ಮನೆ ಪಾಪಕ್ಕನದು. ನಮ್ಮ ಕಡೆಯವಳೇ, ಬಂಗಾರಪೇಟೆಯ ಆಚೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಗಂಡ ಮುನಿಶಾಮಿಯ ಹೆಣ ಹೊರತೆಗೆಯಲು ವಾರ ಹಿಡಿಯಿತಂತೆ. ಮೂರು ಹೆಣ್ಣುಮಕ್ಕಳು. ಕಿರಿಯವಳು ಮಂಗಳ, ನಾಲ್ಕು ವರ್ಷ ಇರಬಹುದು, ನನ್ನ ಸೆರಗಿನ ಅಂಚನ್ನು ಹಿಡಿದು ಅದರ ಹೂಗಳನ್ನು ಎಣಿಸುತ್ತಿತ್ತು.

ಗಣಿಯಲ್ಲಿ ದುಡಿಯುವವನು ಹೋದ ಮೇಲೆ ಗಣಿಯವರು ಕೊಟ್ಟ ಲೈನ್ ಮನೆ ಆ ಕುಟುಂಬದ್ದಲ್ಲ, ಬಿಡಬೇಕು. ಮೇ ತಿಂಗಳ ಕೊನೆಗೆ ಗಡುವು ಕೊಟ್ಟಿದ್ದಾರೆ. ದೊಡ್ಡವಳು ಇಲ್ಲೇ ಸ್ಕೂಲಿನಲ್ಲಿ ಎಂಟನೆಯ ಕ್ಲಾಸು. ಪಾಪಕ್ಕನಿಗೆ ಇಲ್ಲೇ ನಾಲ್ಕು ಮನೆಯ ಪಾತ್ರೆ ಕೆಲಸ ಸಿಕ್ಕಿದೆ. ಹಳ್ಳಿಗೆ ಹೋದರೆ ಎರಡೂ ಇಲ್ಲ. "ಒಂದ್ ವರ್ಸ ಬಿಟ್ರೆ ಸಾಕು, ದೊಡ್ಡೋಳ್ನ ಒಂದ್ ದಾರಿಗೆ ಅಚ್ಚಿ ನಾನೇ ಓಯ್ತೀನಿ," ಎಂದಳು.

"ಆಗಲಿ, ನೋಡ್ತೀನಿ" ಎಂದೆ.

ಅವಳು ತಲೆಯೆತ್ತಿದಳು. "ನೋಡ್ತೀನಿ ಅನ್ಬ್ಯಾಡಿ ಕಣಮ್ಮ. ಪಕ್ಕದ ಮನೆಯೋನು ಸತ್ತಾಗ ನಿಮ್ ಯಜಮಾನ್ರು ಇಲ್ಲೇ ನಿಂತ್ಕಂಡು ನೋಡ್ತೀನಿ ಅಂದಿದ್ರು. ಅದಕ್ ಮುಂಚೆನೂ ಅಂದಿದ್ರು. ಅವ್ರು ನೋಡ್ತಾನೇ ಇದ್ರು, ಇವ್ರು ಮನೆ ಬಿಟ್ಟು ಓಗ್ತಾನೇ ಇದ್ರು."

"ಲೇ, ಯಾರ ಹತ್ರ ಮಾತಾಡ್ತಿದೀಯ ಗೊತ್ತೇನೇ?" ಎಂದು ರಾಮಚಂದ್ರಪ್ಪನವರು ಗದರಿಸಿದರು.

"ಗೊತ್ತು ಸೋಮಿ. ಅಮ್ಮೋರ ಯಜಮಾನ್ರು ಓದ್ರು, ಅವ್ರ ಜಾಗ ಇವ್ರಿಗೆ ಕೊಟ್ರು. ನಮ್ ಯಜಮಾನ್ರು ಓದ್ರು, ನಮ್ ಜಾಗ ಕಿತ್ಕತಾವ್ರೆ. ಅಷ್ಟೇ ನಾನ್ ಏಳಿದ್ದು."

ಗಾಡಿಯಲ್ಲಿ ಮನೆಯವರೆಗೂ ಅದನ್ನೇ ಯೋಚಿಸುತ್ತ ಬಂದೆ. ಸತ್ತವರ ಮೇಲೆ ಹೀಗೆ ಮಾತಾಡಬಹುದೆ? ಅವರು ಎಂಥವರೆಂದು ಅವಳಿಗೇನು ಗೊತ್ತು?

೨೮ ಮಾರ್ಚ್, ಸೋಮವಾರ. ದಿಲ್ಲಿ

ಯುಗಾದಿ. ಹಬ್ಬ ಮಾಡುವ ಹಾಗಿಲ್ಲ. ಇಲ್ಲಿ ಬೀದಿಯುದ್ದಕ್ಕೂ ಬೇವಿನ ಮರ. ಅತ್ತೆ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು, ನನಗೂ ಒಂದು ಕೊಟ್ಟರು. ಬೆಲ್ಲ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಬಹಳ ದಿನದಿಂದ ಕೊರೆಯುತ್ತಿದ್ದುದನ್ನು ಇವತ್ತು ಕೇಳಿಯೇಬಿಟ್ಟೆ. "ಅತ್ತೆ, ಅವರು ಮಾತು ಕೊಟ್ಟು ನಡೆಸದೆ ಇರುತ್ತಿದ್ದರಾ?"

ಅತ್ತೆ ಬೇವಿನ ಕಡ್ಡಿಯನ್ನು ಕಿಟಕಿಯಾಚೆ ಎಸೆದರು. "ಅವನ್ಗೆ ಚಿಕ್ಕಂದಿನಿಂದ್ಲೂ ಯಾರಿಗೂ ಇಲ್ಲ ಅನ್ನಾಕ್ ಬರ್ತಿರ್ಲಿಲ್ಲ ಕಣೆ. ಕೇಳೋರ್ಗೂ ಊಂ, ಕೊಡಾಕಿಲ್ಲ ಅನ್ನೋರ್ಗೂ ಊಂ. ಎದ್ರುಗಿದ್ದೋರ್ ಮೊಕ ಬಾಡ್ಬಾರ್ದು ಅವನ್ಗೆ. ಎತ್ತ ತಾಯಿ ನಾನು, ನನ್ಗೆ ಗೊತ್ತಿಲ್ವಾ?"

ನನಗೆ ಸಿಟ್ಟು ಬಂತು. ಅತ್ತೆಯ ಮೇಲಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮನುಷ್ಯನ ಮೇಲೆ, ಅವರು ಇಲ್ಲದಾಗ ಸಿಟ್ಟು ಬಂದರೆ ಎಲ್ಲಿ ತೀರಿಸಿಕೊಳ್ಳುವುದು? ಮೊಳೆಗೆ ಇದ್ದ ಕೋಟನ್ನು ಮಡಿಸಿ ಪೆಟ್ಟಿಗೆಗೆ ಹಾಕಿದೆ. ಆಮೇಲೆ ಪೆಟ್ಟಿಗೆಯ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ.

೬ ಏಪ್ರಿಲ್, ಬುಧವಾರ

ಕಾರ್ಮಿಕ ಇಲಾಖೆಯ ಮೇಲೆ ಚರ್ಚೆ ಬರುತ್ತದೆ, ನಾನು ಮಾತಾಡುತ್ತೇನೆ ಎಂದು ರಾಮಚಂದ್ರಪ್ಪನವರಿಗೆ ತಿಳಿಸಿದೆ. ಟ್ರಂಕ್ ಕಾಲ್ ಮಾಡಿದರು. ಗಣಿಯ ಮೇಲಿನವರೆಲ್ಲ ನಮ್ಮವರೇ, ಅವರಿಗೆ ಮುಜುಗರ ಮಾಡಬೇಡಿ, ಅಶ್ವತ್ಥಪ್ಪನವರು ಇದ್ದಿದ್ದರೆ ಹೀಗೆ ಮಾಡುತ್ತಿದ್ದರೇ ಎಂದು ಕೇಳಿದರು.

ಮಾಡುತ್ತಿರಲಿಲ್ಲ ಎಂದೆ.

೧೯ ಏಪ್ರಿಲ್, ಮಂಗಳವಾರ

ಮಾತಾಡಿದೆ. ಕನ್ನಡದಲ್ಲಿ. ಬೇರೆ ಭಾಷೆ ಬರದವರಿಗೆ ಹಾಗೆ ಅನುಮತಿ ಉಂಟು, ಅನುವಾದ ಮೊದಲೇ ಕೊಡಬೇಕು. ಧಾರವಾಡದ ಹಿರಿಯರು ಎರಡು ಸಂಜೆ ಕೂತು ಇಂಗ್ಲಿಷಿಗೆ ಮಾಡಿಕೊಟ್ಟರು.

ನನ್ನ ಹೆಸರು ಕರೆಯುವ ಹೊತ್ತಿಗೆ ಊಟದ ಸಮಯ. ಸಾಲುಸಾಲು ಕುರ್ಚಿ ಖಾಲಿ. ಮುಂದಿನ ಹಲಗೆ ಹಿಡಿದುಕೊಂಡು ಎದ್ದೆ. ಸ್ವಾಮಿ, ನನ್ನ ಗಂಡ ಸತ್ತಾಗ ಅವರ ಮನೆಯನ್ನು ನೀವು ನನಗೆ ಬಿಟ್ಟುಕೊಟ್ಟಿರಿ, ಪಾಪಕ್ಕನ ಗಂಡ ನೆಲದೊಳಗೆ ನಿಮಗೆ ಚಿನ್ನ ತೆಗೆಯುತ್ತ ಸತ್ತ, ಅವಳ ಮನೆಯನ್ನು ಯಾಕೆ ಕಿತ್ತುಕೊಳ್ಳುತ್ತೀರಿ ಎಂದು ಕೇಳಿದೆ. ಇನ್ನೂ ಏನೇನೋ ಬರೆದುಕೊಂಡಿದ್ದೆ, ಗಂಟೆ ಬಾರಿಸಿದರು. ಕೂತೆ. ಯಾರೂ ಮೇಜು ಕುಟ್ಟಲಿಲ್ಲ. ಮುಂದಿನವರು ಎದ್ದು ಜವಳಿ ಗಿರಣಿಯ ವಿಷಯ ಎತ್ತಿಕೊಂಡರು.

ಮೇಲೆ ಗ್ಯಾಲರಿಯಲ್ಲಿ ಅತ್ತೆ ಕೂತಿದ್ದರು. ಕೆಮ್ಮಬಾರದು ಎಂದು ಯಾರೋ ಹೇಳಿದ್ದಕ್ಕೆ ಬಾಯಿಗೆ ಸೆರಗು ತುರುಕಿಕೊಂಡಿದ್ದರಂತೆ. ಮನೆಗೆ ನಡೆದು ಬರುವಾಗ ಅಂದರು: "ಅಲ್ಲಿದ್ದೋರ್ಗೆ ಯಾರ್ಗೂ ತಿಳೀಲಿಲ್ಲ ಮಗಾ. ನಂಗ್ ತಿಳೀತು."

೨೬ ಏಪ್ರಿಲ್, ಮಂಗಳವಾರ

ಕಾರ್ಮಿಕ ಇಲಾಖೆಯ ಉಪಸಚಿವರು ಮೊಗಸಾಲೆಯಲ್ಲಿ ಕರೆದು ಮಾತಾಡಿಸಿದರು! ಅನುವಾದ ಓದಿದರಂತೆ, ಮನಸ್ಸಿಗೆ ತಟ್ಟಿತಂತೆ. ಗಣಿಯವರಿಗೆ ಬರೆಸುತ್ತಾರಂತೆ, ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ಇನ್ನೊಂದು ವರ್ಷ ಮನೆ ಸಿಗುವ ಹಾಗೆ ಆದೇಶ ಮಾಡಿಸುತ್ತಾರಂತೆ. ಧಾರವಾಡದವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ನನಗೆ ಹೇಳಿದರು. ಅತ್ತೆ ಮುದ್ದೆಗೆ ಹುರುಳಿ ಸಾರು ಮಾಡಿದ್ದರು. ಎರಡು ಮುದ್ದೆ ಉಂಡೆ.

೨೦ ಮೇ, ಶುಕ್ರವಾರ. ಬಂಗಾರಪೇಟೆ

ಸಮಯಕ್ಕೆ ಸರಿಯಾಗಿ ಪಾಪಕ್ಕನ ಮನೆಗೆ ಹೋದೆ. ಇನ್ನರ್ಧ ಗಂಟೆ ತಡವಾಗಿದ್ದರೆ ಗಾಡಿ ಹೊರಟುಬಿಡುತ್ತಿತ್ತು.

ಪಾಪಕ್ಕನ ಅಣ್ಣ ಚಿಕ್ಕಮುನಿಯಪ್ಪ ಹಳ್ಳಿಯಿಂದ ಎತ್ತಿನ ಗಾಡಿ ತಂದಿದ್ದ. ಒರಳುಕಲ್ಲು, ಚಾಪೆ, ಪಾತ್ರೆಗಳನ್ನೆಲ್ಲ ಹೇರಿ ಆಗಿತ್ತು. ಮಂಗಳ ಮೂಟೆಗಳ ಮೇಲೆ ರಾಣಿಯ ಹಾಗೆ ಕೂತಿತ್ತು. ನಾನು ಆದೇಶದ ವಿಷಯ ಹೇಳಿದೆ. ಇಂದೋ ನಾಳೆಯೋ ಬರುತ್ತದೆ, ಮನೆ ಬಿಡಬೇಡ ಎಂದೆ.

ಪಾಪಕ್ಕ ನನ್ನ ಮುಖವನ್ನೇ ನೋಡುತ್ತ ನಿಂತಳು. "ನೋಡ್ತೀನಿ ಅಂತಾ ಇಲ್ವಲ್ಲ? ಖಂಡಿತ ಏಳ್ತಾ ಇದೀರಾ? ನಿಲ್ಲನಾ ನಾನು?"

"ನಿಲ್ಲು. ನಾನಿದ್ದೀನಿ."

ಚಿಕ್ಕಮುನಿಯಪ್ಪ ಹೆಗಲ ಟವೆಲ್ಲು ಕೊಡವಿದ. "ಅಮ್ಮೋರೇ, ಬೇಸಾಯ ಬಿಟ್ಟು ಬಂದಿವ್ನಿ. ಇವತ್ ಬ್ಯಾಡ ಅಂದು ನಾಳೆ ಬಾ ಅಂದ್ರೆ ನಾನ್ ಬರಾಕಿಲ್ಲ. ಕೇಳ್ಕಂಡ್ಯೇನೇ ಪಾಪಿ?"

"ಕೇಳ್ಕಂಡೆ ಕಣಣ್ಣೋ. ಅಮ್ಮ ಏಳ್ತಾವ್ರಲ್ಲ," ಎಂದು ಅವಳೇ ಮೊದಲ ಮೂಟೆ ಇಳಿಸಿದಳು. ನಾನೂ ಕೈ ಹಾಕಿದೆ. ಕುಪ್ಪುಸ್ವಾಮಿ ಕೆಮ್ಮುತ್ತ ಕೆಮ್ಮುತ್ತಲೇ ನಕ್ಕರು.

ಗಾಡಿ ಬರಿದಾಗಿ ಹೋಯಿತು. ಅವರು ತೀರಿಕೊಂಡ ಮೇಲೆ ಇಷ್ಟು ಹಗುರಾದ ದಿನ ನನಗೆ ಬಂದಿರಲಿಲ್ಲ.

೧೨ ಜೂನ್, ಭಾನುವಾರ. ಧನಬಾದ್

ಬಿಹಾರದ ಕಲ್ಲಿದ್ದಲು ಗಣಿಗಳನ್ನು ನೋಡಲು ಬಂದಿರುವ ಸಮಿತಿಯಲ್ಲಿ ನನ್ನ ಹೆಸರೂ ಸೇರಿಸಿದ್ದಾರೆ. ಒಬ್ಬಳೇ ಹೆಂಗಸು. ಆ ದಿನದ ಭಾಷಣದಿಂದಾಗಿಯೇ ಅಂತೆ. ಗೆಸ್ಟ್‌ಹೌಸಿನಲ್ಲಿ ದೊಡ್ಡ ಫ್ಯಾನು, ಬಿಳಿ ಕಾಫಿ ಬಟ್ಟಲುಗಳು. ಇವತ್ತು ಒಂದು ಗಣಿಯ ಬಾಯಲ್ಲಿ ನಮಗೆಲ್ಲ ಚೆಂಡುಹೂವಿನ ಹಾರ ಹಾಕಿದರು. ಬಿಸಿಲಿಗೆ ಕತ್ತು ಉರಿಯಿತು. ಕಾರ್ಮಿಕರ ಮನೆಗಳ ವಿಷಯದಲ್ಲಿ ನಾನು ಕೇಳಿದ ಪ್ರಶ್ನೆಯನ್ನು ಅಧ್ಯಕ್ಷರು ಬರೆದುಕೊಳ್ಳಲು ಹೇಳಿದರು.

ಉರಿಗಾಂ ಆದೇಶ ಇನ್ನೂ ಹೊರಟಿಲ್ಲವಂತೆ. ದಿಲ್ಲಿಗೆ ಹೋದ ಮೇಲೆ ವಿಚಾರಿಸಬೇಕು. ನಾಳೆ ಮುಂಜಾನೆ ಝರಿಯಾ.

೮ ಜುಲೈ, ಶುಕ್ರವಾರ. ಬಂಗಾರಪೇಟೆ

ಕುಪ್ಪುಸ್ವಾಮಿ ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಕಾಯುತ್ತಿದ್ದರು. ನನ್ನನ್ನು ಕಂಡು ಏಳಲಿಲ್ಲ.

"ಮಂಗಳ ಪೋಯಿಟ್ಟಾಳಮ್ಮಾ," ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಎಲ್ಲಿಗೆ ಹೋದಳು ಎಂದು ಕೇಳಿದೆ.

ಜೂನ್ ಹತ್ತರ ಸುಮಾರಿಗೆ ಗಣಿಯ ಕಾವಲಿನವರು ಬಂದರಂತೆ. ಅಮ್ಮ ನಿಲ್ಲು ಅಂದಿದ್ದಾರೆ, ಆರ್ಡರ್ ಬರುತ್ತದೆ ಎಂದು ಪಾಪಕ್ಕ ಬಾಗಿಲಲ್ಲೇ ಕೂತಳಂತೆ. ಯಾವ ಅಮ್ಮ, ಎಲ್ಲಿ ಆರ್ಡರ್ ಎಂದು ಕೇಳಿದರಂತೆ. ಸಾಮಾನು ಹೊರಗಿಟ್ಟು ಬೀಗ ಹಾಕಿದರು. ರಾಮಚಂದ್ರಪ್ಪನವರ ಮನೆಗೆ ಹೋಗಿ ಕೇಳಿದಾಗ, ಅಮ್ಮ ಟೂರಿನಲ್ಲಿದ್ದಾರೆ ಎಂದರಂತೆ. ಅಣ್ಣನಿಗೆ ಹೇಳಿಕಳಿಸಲು ಪಾಪಕ್ಕ ಒಪ್ಪಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯಲಿ ಎಂದಳಂತೆ. ಬಜಾರಿನ ಒಂದು ಅಂಗಡಿಯ ಜಗಲಿಯಲ್ಲಿ ಇದ್ದರು. ಮೂರು ದಿನ ಬಿಡದೆ ಮಳೆ. ಮಗುವಿಗೆ ಜ್ವರ ಬಂದು ಎದೆ ಕಟ್ಟಿತು. ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ಹೊತ್ತಿಗೆ ಉಸಿರು ಸಿಗುತ್ತಿರಲಿಲ್ಲ.

"ನೀಂಗ ಇಲ್ಲಮ್ಮಾ," ಎಂದರು ಕುಪ್ಪುಸ್ವಾಮಿ. ಬೈಯುವ ಹಾಗೆ ಅಲ್ಲ. "ನೀವು ಇರ್ಲಿಲ್ಲ. ನನ್ನ ಮಾತು ಯಾರ್ ಕೇಳ್ತಾರೆ?"

ಕೊನೆಗೆ ಚಿಕ್ಕಮುನಿಯಪ್ಪನೇ ಬಂದು ಅವರನ್ನು ಕರೆದುಕೊಂಡು ಹೋದ.

೯ ಜುಲೈ

ಅದು ಆದದ್ದು ನನಗೆ ಹಾರ ಹಾಕಿದ ವಾರದಲ್ಲೇ.

೨೪ ಆಗಸ್ಟ್, ಬುಧವಾರ. ದಿಲ್ಲಿ

ಇಷ್ಟು ದಿನ ಬರೆಯಲಾಗಲಿಲ್ಲ.

ಆದೇಶ ಬಂತು. ಗಣಿ ಅಪಘಾತದಲ್ಲಿ ಸತ್ತವರ ಕುಟುಂಬ ಒಂದು ವರ್ಷ ಮನೆಯಲ್ಲಿ ಇರಬಹುದು. ಈಗಾಗಲೇ ಖಾಲಿ ಮಾಡಿದವರಿಗೆ ಇದು ಅನ್ವಯಿಸುವುದಿಲ್ಲ. ಉಪಸಚಿವರು ಅಭಿನಂದನೆ ಹೇಳಿದರು. ಮೊದಲ ಕೆಲವೇ ತಿಂಗಳಲ್ಲಿ ಇಂಥ ಕೆಲಸ ಮಾಡಿಸಿಕೊಂಡವರು ಅಪರೂಪ ಎಂದರು. ಧಾರವಾಡದ ಹಿರಿಯರು ಕೈ ಮುಗಿದರು. ರಾಮಚಂದ್ರಪ್ಪನವರು ಊರಲ್ಲಿ ಸನ್ಮಾನ ಇಟ್ಟುಕೊಳ್ಳುತ್ತಾರಂತೆ. ಬೇಡ ಎಂದು ತಂತಿ ಕೊಟ್ಟೆ.

ಮನೆಗೆ ಬಂದು ಆದೇಶವನ್ನು ಅತ್ತೆಗೆ ಓದಿ ಹೇಳಿದೆ. "ಓಗಿ ಏಳು ಅವ್ಳಿಗೆ," ಎಂದರು.

"ಯಾವ ಮುಖ ಇಟ್ಟುಕೊಂಡು ಹೋಗಲಿ ಅತ್ತೆ?"

"ಇರೋದು ಒಂದೇ ಮೊಕ. ಅದ್ನೇ ಇಟ್ಕಂಡು ಓಗು."

೧೮ ಸೆಪ್ಟೆಂಬರ್, ಭಾನುವಾರ. ಬಂಗಾರಪೇಟೆ

ಹೋಗಿದ್ದೆ. ಒಬ್ಬಳೇ, ಜಟಕಾದಲ್ಲಿ. ಊರ ಹೊರಗೇ ಇಳಿದು ನಡೆದೆ.

ಚಿಕ್ಕಮುನಿಯಪ್ಪ ಹೊಲದಲ್ಲಿದ್ದ. ನನ್ನನ್ನು ಕಂಡು ಬೆನ್ನು ತಿರುಗಿಸಿದ. ದೊಡ್ಡ ಹುಡುಗಿ ಒಳಗಿನಿಂದ ಒಂದು ಚೊಂಬು ನೀರು ತಂದು ಜಗಲಿಯ ಮೇಲಿಟ್ಟು ಹೋದಳು. ಅವಳು ಈಗ ಕಡಲೆಕಾಯಿ ಕೀಳುವ ಕೂಲಿಗೆ ಹೋಗುತ್ತಾಳೆ, ಸ್ಕೂಲು ಮುಗಿಯಿತು. ಪಾಪಕ್ಕ ಹೊರಗೆ ಬರಲಿಲ್ಲ. ಒಳಗೆ ರಾಗಿ ಬೀಸುವ ಸದ್ದು ಕೇಳುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಕೇಳುತ್ತಿತ್ತು. ನಾನು ಕೂತೇ ಇದ್ದೆ. ಬಿಸಿಲು ಜಗಲಿ ಬಿಟ್ಟು ಇಳಿದು ಹೋಯಿತು.

ಬೀಸಿ ಮುಗಿಸಿ ಬಂದು ಬಾಗಿಲಲ್ಲಿ ನಿಂತಳು. ಕೈಯೆಲ್ಲ ಹಿಟ್ಟು. ಎಷ್ಟು ಇಳಿದುಹೋಗಿದ್ದಾಳೆ! ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಒಂದೇ: "ಪಾಪಕ್ಕ, ನಾನು ನಿಲ್ಲು ಅನ್ನಬಾರದಿತ್ತು."

"ಅಂದಿದ್ದು ತಪ್ಪಲ್ಲ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ. "ನಾನೂ ನಿಲ್ಬೇಕು ಅಂತ್ಲೇ ಇದ್ದೆ. ನಿಮ್ಮೋರು ನೋಡ್ತೀನಿ ಅಂದ್ರು, ಅದಕ್ಕೆ ಯಾರೂ ಕಾಯ್ಲಿಲ್ಲ. ಗಂಟು ಕಟ್ಕಂಡು ಓದ್ರು, ಮಕ್ಳು ಉಳುದ್ವು. ನೀವು ನಾನಿದೀನಿ ಅಂದ್ರಿ. ನಾನ್ ನಂಬ್ಕಂಡೆ."

ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಹೇಳಿದಳು. "ಇನ್ನೊಂದ್ ಕಿತ ಯಾರಿಗಾದ್ರೂ ನಿಲ್ಲು ಅನ್ನೋದಾದ್ರೆ, ನೀವೂ ಬಂದು ಅವ್ರ ಜೊತೇಲಿ ನಿಂತ್ಕಳಿ. ಆಗ್ದಿದ್ರೆ ಓಗು ಅನ್ನಿ. ಅದೇ ಪುಣ್ಯ."

ಆದೇಶದ ವಿಷಯ ಹೇಳಿದೆ. ಬೇರೆಯವರಿಗೆ ಆಗುತ್ತದಾ ಎಂದು ಕೇಳಿದಳು. ಆಗುತ್ತದೆ ಎಂದೆ. ತಲೆಯಾಡಿಸಿ ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಮತ್ತೆ ಬರಲೂ ಇಲ್ಲ.

೬ ನವೆಂಬರ್, ಭಾನುವಾರ. ಬಂಗಾರಪೇಟೆ

ಕುಪ್ಪುಸ್ವಾಮಿ ಬಂದಿದ್ದರು. ಪಾಪಕ್ಕನಿದ್ದ ಸಾಲಿನ ಅಮ್ಮಾಜಮ್ಮನ ಗಂಡ ಈ ಬೇಸಿಗೆಯಲ್ಲಿ ಎದೆಯಲ್ಲಿ ಧೂಳು ತುಂಬಿ ಸತ್ತವನು. ಅದು ಅಪಘಾತವಲ್ಲವಂತೆ, ಕಾಯಿಲೆಯಂತೆ, ಆದೇಶಕ್ಕೆ ಸೇರುವುದಿಲ್ಲವಂತೆ. ಹದಿನಾಲ್ಕನೇ ತಾರೀಕು ಮನೆ ಬಿಡಬೇಕು. ಮಕ್ಕಳಿಲ್ಲ, ಊರು ಅಂತ ಯಾವುದೂ ಇಲ್ಲ. ಏನು ಹೇಳಲಿ ಅವಳಿಗೆ ಎಂದು ಕೇಳಿದರು.

ಹದಿನಾಲ್ಕಕ್ಕೇ ದಿಲ್ಲಿಯಲ್ಲಿ ಅಧಿವೇಶನ ಶುರು.

೧೪ ನವೆಂಬರ್, ಸೋಮವಾರ. ಉರಿಗಾಂ

ಅಮ್ಮಾಜಮ್ಮನ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆಯೇ ಚಾಪೆ, ಬಟ್ಟೆಗಂಟು ತೆಗೆದುಕೊಂಡು ಇಲ್ಲಿಗೆ ಬಂದೆವು, ನಾನು ಮತ್ತು ಅತ್ತೆ. ಬೆಳಿಗ್ಗೆ ಕಾವಲಿನವರು ಬೀಗ ಹಿಡಿದುಕೊಂಡು ಬಂದರು. ಯಾರಮ್ಮ ನೀವು ಎಂದು ಒಬ್ಬ ಕೇಳಿದ.

"ಇಲ್ಲೇ ಇರೋರು," ಎಂದರು ಅತ್ತೆ.

ಕುಪ್ಪುಸ್ವಾಮಿ ನನ್ನ ಹೆಸರು ಹೇಳಿದರು. ಅವರು ತಮ್ಮತಮ್ಮಲ್ಲೇ ತಮಿಳಿನಲ್ಲಿ ಏನೋ ಮಾತಾಡಿಕೊಂಡು, ಮೇಲಿನವರನ್ನು ಕೇಳಿ ಬರುತ್ತೇವೆ ಎಂದು ಹೋದರು. ಇಲ್ಲಿಯವರೆಗೆ ಬಂದಿಲ್ಲ. ನಾಳೆ ಬರಬಹುದು.

ಮಧ್ಯಾಹ್ನ ರಾಮಚಂದ್ರಪ್ಪನವರ ಜೀಪು ಬಂತು. ಇಳಿಯಲಿಲ್ಲ. "ಏನಮ್ಮ ಇದು? ಇವತ್ತು ನೀವು ದಿಲ್ಲೀಲಿ ಇರಬೇಕಾದವರು. ಅಶ್ವತ್ಥಪ್ಪನವರ ಸೀಟು ಅದು, ಮರೀಬೇಡಿ."

"ಸೀಟು ಅಲ್ಲೇ ಇರುತ್ತೆ ರಾಮಚಂದ್ರಪ್ಪನೋರೇ. ಇಲ್ಲಿ ಮುಗಿದ ಮೇಲೆ ಹೋಗಿ ಕೂರ್ತೀನಿ. ಧೂಳಿನ ಕಾಯಿಲೆ ಅಪಘಾತ ಯಾಕಲ್ಲ ಅಂತ ಕೇಳೋದಿದೆ ನಂಗೆ."

ಇನ್ನು ಮುಂದೆ ನನ್ನ ಸಹಾಯ ನಿರೀಕ್ಷಿಸಬೇಡಿ ಎಂದು ಹೇಳಿ ಜೀಪು ತಿರುಗಿಸಿದರು.

ಸಂಜೆ ಅತ್ತೆ ಹತ್ತಿರ ಬಂದು ಕೂತರು. "ನಾಳಿದ್ದು ನನ್ ಮಗಂದು ವರ್ಸದ ತಿಥಿ ಕಣವ್ವ," ಎಂದರು ಮೆಲ್ಲಗೆ.

ಬೆರಳು ಮಡಿಸಿ ಎಣಿಸಿದೆ. ಮರೆತಿದ್ದೆ.

೧೬ ನವೆಂಬರ್, ಬುಧವಾರ

ಕಾವಲಿನವರು ನಿನ್ನೆಯೂ ಬಂದು ನಿಂತು ನೋಡಿ ಹೋದರು. ಇವತ್ತು ಬರಲಿಲ್ಲ.

ತಿಥಿಯನ್ನು ಇಲ್ಲೇ ಮಾಡಿದೆವು. ಬಂಗಾರಪೇಟೆಗೆ ಹೋದರೆ ಬೀಗ ಬೀಳುತ್ತದೆ. "ಇದೇ ಮನೇಲಿ ಮಾಡು ತಾಯಿ, ಒಲೆ ಐತೆ," ಎಂದು ಅಮ್ಮಾಜಮ್ಮ ಬೆಳಿಗ್ಗೆಯೇ ನೆಲ ಸಾರಿಸಿದ್ದಳು. ಲೈನಿನವರು ಒಬ್ಬೊಬ್ಬರು ಒಂದೊಂದು ತಂದರು, ಬಾಳೆಲೆ, ಬೆಲ್ಲ, ಒಂದು ಹಿಡಿ ಅವರೆಕಾಳು.

ಅವರ ಎಲೆಗೆ ಎಲ್ಲವನ್ನೂ ನಾನೇ ಬಡಿಸಿದೆ. ಅವರಿಗೆ ಇಷ್ಟವೆಂದು ಅತ್ತೆ ಹುರುಳಿ ಸಾರನ್ನೂ ಮಾಡಿದ್ದರು. ಕೈ ಮುಗಿದೆ. ಸಿಟ್ಟು ಇರಲಿಲ್ಲ. ಬಹಳ ದಣಿದ ಮನುಷ್ಯನಿಗೆ ಊಟಕ್ಕಿಟ್ಟ ಹಾಗನಿಸಿತು.

ನಾನು ಏಳುವಷ್ಟರಲ್ಲಿ ಅತ್ತೆ ಅವರ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದರು. ಚಿಕ್ಕದು, ತುದಿ ಎಲೆ. ಯಾರಿಗೆ ಎಂದು ನಾನು ಕೇಳಲಿಲ್ಲ. ಮಂಗಳ ಎಷ್ಟು ಉಣ್ಣುತ್ತಿತ್ತೋ ಗೊತ್ತಿಲ್ಲ. ನಾಲ್ಕು ವರ್ಷದ ಮಗು. ಸ್ವಲ್ಪ ಅನ್ನ ಹಾಕಿ, ಮೇಲೆ ಬೆಲ್ಲ ಇಟ್ಟೆ.